ಡಾಕ್ಟರ ಚೀಟಿ ಇಲ್ಲದ ಮೇಲೆ ನಮ್ಮ ಕೈ ಎಲ್ಲಿ ನಿಲ್ಲಬೇಕು?

(ಮಲೆನಾಡಿನ ಒಂದು ಕಾಲೇಜಿನಲ್ಲಿ ಫಿಸಿಯೋಥೆರಪಿ, ಲ್ಯಾಬ್ ಟೆಕ್ನಾಲಜಿ ಮತ್ತು ಆಪ್ಟೋಮೆಟ್ರಿ ಕೊನೆಯ ವರ್ಷದವರ ಮುಂದೆ ಆಡಿದ ಮಾತು. ಫೋನಿನಲ್ಲಿ ರೆಕಾರ್ಡ್ ಆಗಿದ್ದನ್ನು ಕೇಳಿ ಬರೆದಿದ್ದೇನೆ. ಮೈಕ್ ಕೈಕೊಟ್ಟ ಹತ್ತು ನಿಮಿಷ ಬಿಟ್ಟಿದ್ದೇನೆ. ಒಂದೆರಡು ಕಡೆ ಇಸವಿ ತಪ್ಪು ಹೇಳಿದ್ದೆ, ಸರಿ ಮಾಡಿದ್ದೇನೆ.)

ಮೊದಲು ಒಂದು ಸಣ್ಣ ಪ್ರಶ್ನೆ. ಆರ್‌ಎಂಪಿ ಅಂದರೆ ಯಾರು?

ಹಿಂದಿನ ಬೆಂಚಿನಿಂದ ಬಂದ ಉತ್ತರ ನನಗೆ ಕೇಳಿಸಿತು. "ಹಳ್ಳಿಯಲ್ಲಿ ಇಂಜೆಕ್ಷನ್ ಕೊಡೋರು." ಎಲ್ಲರೂ ನಕ್ಕಿರಿ, ಆದರೆ ಆ ಉತ್ತರ ತಪ್ಪೇನಲ್ಲ. ನಮ್ಮಜ್ಜಿ ಊರಿನಲ್ಲೂ ಒಬ್ಬರಿದ್ದರು, ಸೈಕಲ್ಲಿಗೆ ಚರ್ಮದ ಬ್ಯಾಗ್ ನೇತುಹಾಕಿಕೊಂಡು ಬರುತ್ತಿದ್ದರು, ಜ್ವರಕ್ಕೂ ಅದೇ ಸೂಜಿ, ಸುಸ್ತಿಗೂ ಅದೇ ಸೂಜಿ. ಕಾನೂನಿನ ಪುಸ್ತಕ ತೆಗೆದರೆ ಮಾತ್ರ ಆರ್‌ಎಂಪಿ ಅಂದರೆ ರಿಜಿಸ್ಟರ್ಡ್ ಮೆಡಿಕಲ್ ಪ್ರಾಕ್ಟೀಷನರ್. ವೈದ್ಯರ ಪಟ್ಟಿಯಲ್ಲಿ ಹೆಸರಿರುವವರು. ಊರಿನ ಬಾಯಲ್ಲಿ ಅದು ಪೂರ್ತಿ ಉಲ್ಟಾ, ಯಾವ ಪಟ್ಟಿಯಲ್ಲೂ ಹೆಸರಿಲ್ಲದವರು!

ನಾವು, ಅಂದರೆ ಫಿಸಿಯೋದವರು, ಲ್ಯಾಬಿನವರು, ಕಣ್ಣು ಪರೀಕ್ಷೆ ಮಾಡುವವರು, ಇಷ್ಟು ವರ್ಷ ಈ ಎರಡರ ನಡುವೆ ಎಲ್ಲೋ ಇದ್ದೆವು. ಡಿಗ್ರಿ ಇತ್ತು. ಪಟ್ಟಿ ಇರಲಿಲ್ಲ.

ಬೇರೆಯವರಿಗೆಲ್ಲ ಇತ್ತು ನೋಡಿ. ವೈದ್ಯಕೀಯ ಬಿರುದನ್ನು ಯಾರು ಹಾಕಿಕೊಳ್ಳಬಾರದು ಅಂತ ಹೇಳೋದಕ್ಕೆ 1916ರಲ್ಲೇ, ಬ್ರಿಟಿಷರ ಕಾಲದಲ್ಲೇ, ಇಂಡಿಯನ್ ಮೆಡಿಕಲ್ ಡಿಗ್ರೀಸ್ ಆಕ್ಟ್ ಬಂತು. ನರ್ಸ್‌ಗಳಿಗೆ 1947, ಹಲ್ಲಿನ ಡಾಕ್ಟರಿಗೂ ಫಾರ್ಮಸಿಸ್ಟಿಗೂ 1948. ವೈದ್ಯರಿಗೆ 1956ರಲ್ಲಿ ಒಂದು, ಅದರ ಜಾಗಕ್ಕೆ 2019ರಲ್ಲಿ ನ್ಯಾಷನಲ್ ಮೆಡಿಕಲ್ ಕಮಿಷನ್ ಆಕ್ಟ್. ಪಟ್ಟಿಯಲ್ಲಿ ಹೆಸರಿಲ್ಲದೆ ವೈದ್ಯಕೀಯ ಮಾಡಿದರೆ ಅದರ 34ನೇ ಸೆಕ್ಷನ್ ಪ್ರಕಾರ 1 ವರ್ಷದವರೆಗೆ ಜೈಲು, ಇಲ್ಲಾ 5 ಲಕ್ಷದವರೆಗೆ ದಂಡ, ಇಲ್ಲಾ ಎರಡೂ. ಸ್ಪೀಚ್ ಥೆರಪಿಯವರು, ಶ್ರವಣ ಪರೀಕ್ಷೆಯವರು, ಕ್ಲಿನಿಕಲ್ ಸೈಕಾಲಜಿಸ್ಟರು 1992ರ ರಿಹ್ಯಾಬಿಲಿಟೇಷನ್ ಕೌನ್ಸಿಲ್ ಕಾನೂನಿನ ಕೆಳಗೆ ಬಂದರು. ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಓದಿದ ನನ್ನ ಗೆಳತಿಗೆ ಹೆಸರಿನ ಕೆಳಗೆ ಬರೆಯೋಕೆ ಒಂದು ನಂಬರ್ ಇತ್ತು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ದೆಹಲಿಯವರು 1997ರಲ್ಲಿ ಫಿಸಿಯೋಗಳಿಗೆ ತಮ್ಮದೇ ಕೌನ್ಸಿಲ್, ಅಂದರೆ ಪಟ್ಟಿ ಇಡುವ ಮಂಡಳಿ, ಮಾಡಿಕೊಂಡರು, ಮಹಾರಾಷ್ಟ್ರ 2002ರಲ್ಲಿ, ಗುಜರಾತ್ 2011ರಲ್ಲಿ. ಇಲ್ಲಿ ನಮಗೆ ಇದ್ದದ್ದು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾನೂನು, ನಾವೆಲ್ಲ ಕೆಪಿಎಂಇ ಅನ್ನುವುದು. ಫಿಸಿಯೋ ಸೆಂಟರ್, ಲ್ಯಾಬ್, ಸ್ಕ್ಯಾನಿಂಗ್ ಸೆಂಟರ್ ಎಲ್ಲಾ ಅದರಡಿ ನೋಂದಣಿ ಮಾಡಿಸಬೇಕು. ಆದರೆ ಅದು ನೋಡುವುದು ಸಂಸ್ಥೆಯನ್ನು. ಅಂದರೆ ನನ್ನ ಬಾಡಿಗೆ ಕೋಣೆಗೆ ಸರಕಾರದ ನಂಬರ್ ಇತ್ತು, ಒಳಗೆ ಪೇಷಂಟಿನ ಬೆನ್ನಿನ ಮೇಲೆ ಕೈಯಿಡುವ ನನಗೆ ಇರಲಿಲ್ಲ.

ಹಾಗಾದರೆ ನಾವು ಏನು ಮಾಡಬಹುದು, ಏನು ಮಾಡಬಾರದು ಅಂತ ಯಾರು ಹೇಳುತ್ತಿದ್ದರು? ಚೀಟಿ.

ಇಂಟರ್ನ್‌ಶಿಪ್ ಮುಗಿಸಿದವರಿಗೆ ಇದು ಗೊತ್ತು. ಮೂಳೆ ಡಾಕ್ಟರು ಪ್ಯಾಡಿನ ತುದಿಯಲ್ಲಿ ಗೀಚಿ ಕಳಿಸುತ್ತಾರೆ, "ಐಎಫ್‌ಟಿ, ಟ್ರ್ಯಾಕ್ಷನ್, 10 ದಿನ." ಮೊದಲನೆಯದು ನೋವಿರುವ ಕಡೆ ಸಣ್ಣಗೆ ಕರೆಂಟ್ ಕೊಡುವುದು, ಎರಡನೆಯದು ಬೆನ್ನನ್ನು ಮೆಲ್ಲಗೆ ಎಳೆಯುವುದು. ಪೇಷಂಟ್ ಬಂದು ಚೀಟಿ ಮೇಜಿನ ಮೇಲಿಟ್ಟು "ಮೇಡಂ, ಕರೆಂಟ್ ಇಡಿಸ್ಕೊಳ್ಳೋಕೆ ಹೇಳಿದಾರೆ" ಅನ್ನುತ್ತಾರೆ. ನನಗೆ ನಮ್ಮ ಪೇಟೆಯಲ್ಲಿ ಇವತ್ತಿಗೂ ಕರೆಂಟ್ ಮೇಡಂ ಅಂತಲೇ ಹೆಸರು. ಇರಲಿ. ಆ ಚೀಟಿಯನ್ನು ನಾವು ಅವಮಾನ ಅಂತ ತಿಳಿದುಕೊಂಡಿದ್ದೆವು. ನಾಲ್ಕು ವರ್ಷ ಅನಾಟಮಿ, ಬಯೋಮೆಕ್ಯಾನಿಕ್ಸ್ ಅಂತ ಓದಿ, ಕೊನೆಗೆ ಯಾರೋ ಬರೆದುಕೊಟ್ಟಷ್ಟು ಮಾಡುವುದಾ? ನಾನೂ ಹೀಗೇ ಗೊಣಗಿದವಳು. ಆದರೆ ಚೀಟಿ ಒಂದು ಛತ್ರಿಯೂ ಆಗಿತ್ತು. ಏನಾದರೂ ಹೆಚ್ಚುಕಮ್ಮಿಯಾದರೆ "ಡಾಕ್ಟರು ಬರೆದಿದ್ದರು, ಮಾಡಿದೆ" ಅಂತ ಅದರಡಿ ನಿಂತುಕೊಳ್ಳಬಹುದಿತ್ತು. ನಾನು ಹಾಗೆ ನಿಂತಿದ್ದೇನೆ. ಅದನ್ನೇ ಹೇಳೋಣ ಅಂತ ಬಂದೆ.

ಕೆಲಸಕ್ಕೆ ಸೇರಿ ಎರಡನೇ ವರ್ಷ ಇರಬೇಕು. ಒಬ್ಬರು ಬಂದರು, ನಲವತ್ತರ ಆಸುಪಾಸು, ಅಡಿಕೆ ಕೊನೆ ತೆಗೆಯುವ ಕೆಲಸ. ಬೆನ್ನು ನೋವು. ಕೈಯಲ್ಲಿ ಚೀಟಿ ಇತ್ತು, ಅದೇ ಕರೆಂಟು, ಅದೇ ಟ್ರ್ಯಾಕ್ಷನ್. ಮರ ಹತ್ತುವವರಿಗೆ ಬೆನ್ನು ನೋವು ಬರದೆ ಇನ್ನಾರಿಗೆ ಬರುತ್ತೆ, ಸುಮ್ನೆ ಶುರು ಮಾಡಿದೆ. ಐದೋ ಆರೋ ದಿನಕ್ಕೆ ಅವರ ಹೆಂಡತಿ ಜೊತೆಗೆ ಬಂದರು. ಅವರು ಮಷೀನಿನ ಕಡೆ ನೋಡುತ್ತಾ ಹೇಳಿದ ಮಾತು ನನಗೆ ಇನ್ನೂ ನೆನಪಿದೆ. "ರಾತ್ರಿ ಮಲಗೋದೇ ಇಲ್ಲ ಮೇಡಂ. ಗೋಡೆಗೆ ಒರಗಿ ಕೂತಿರ್ತಾರೆ. ಲುಂಗಿ ಸಡಿಲ ಆಗ್ತಿದೆ ಅಂತ ದಿನಾ ಬಿಗೀತಾರೆ."

ರಾತ್ರಿ ನೋವು, ತೂಕ ಇಳಿಯೋದು. ಬೆನ್ನು ನೋವಿನ ಹಿಂದೆ ದೊಡ್ಡ ರೋಗ ಇರಬಹುದು ಅನ್ನೋ ಎಚ್ಚರಿಕೆ ಇವು. ನೀವು ಮೂರನೇ ವರ್ಷದವರಾಗಿದ್ದರೂ ಈಗ ಪುಸ್ತಕದ ಪುಟ ಕಣ್ಣಮುಂದೆ ಬಂದಿರಬೇಕು. ನನಗೂ ಬಂತು. ಆದರೆ ಡಾಕ್ಟರು ನೋಡಿ ಕಳಿಸಿದ್ದಾರಲ್ಲ, ನಾನ್ಯಾರು ಕೇಳೋಕೆ ಅನ್ನಿಸಿತು. ಹತ್ತು ದಿನ ಹದಿನೆಂಟಾಯಿತು. ಒಂದು ಸಂಜೆ ಹಾಸಿಗೆಯಿಂದ ಇಳಿಯುವಾಗ ಅವರ ಎಡಗಾಲು ಚಪ್ಪಲಿಯೊಳಗೆ ಹೋಗಲೇ ಇಲ್ಲ. ಮುಂಗಾಲು ಎತ್ತೋಕಾಗುತ್ತಿಲ್ಲ. ಆವತ್ತೇ ಕಳಿಸಿದೆ. ಬೆನ್ನುಮೂಳೆಯ ಟಿಬಿ. ವರ್ಷಕ್ಕೂ ಮೇಲೆ ಮಾತ್ರೆ ತಿಂದರು, ಉಳಿದರು, ನಡೆಯುತ್ತಾರೆ. ಮರ ಹತ್ತುವುದು ಅಲ್ಲಿಗೇ ನಿಂತಿತು. ಎರಡು ಮಕ್ಕಳ ಸಂಸಾರ.

ನನ್ನನ್ನು ಯಾರೂ ಏನೂ ಕೇಳಲಿಲ್ಲ. ಚೀಟಿ ಇತ್ತಲ್ಲ.

ಈಗ 2021ಕ್ಕೆ ಬರೋಣ. ಮಾರ್ಚ್ 28ಕ್ಕೆ ರಾಷ್ಟ್ರಪತಿಗಳ ಅಂಕಿತ ಬಿದ್ದ ಆ ಕಾನೂನಿನ ಹೆಸರು ಉದ್ದ, ನ್ಯಾಷನಲ್ ಕಮಿಷನ್ ಫಾರ್ ಅಲೈಡ್ ಅಂಡ್ ಹೆಲ್ತ್‌ಕೇರ್ ಪ್ರೊಫೆಷನ್ಸ್ ಆಕ್ಟ್. ಅದರ ಹಿಂದೆ ಒಂದು ಷೆಡ್ಯೂಲ್, ಅಂದರೆ ವೃತ್ತಿಗಳ ಅನುಬಂಧ, ಇದೆ. ಹತ್ತು ಗುಂಪು, ಅವುಗಳಲ್ಲಿ 50ಕ್ಕೂ ಹೆಚ್ಚು ವೃತ್ತಿ. ಲ್ಯಾಬು, ಎಕ್ಸ್‌ರೇ, ಡಯಾಲಿಸಿಸ್, ಅರಿವಳಿಕೆ ಟೆಕ್ನಾಲಜಿ, ಕಣ್ಣು, ಆಹಾರ ತಜ್ಞರು, ಮೆಡಿಕಲ್ ರೆಕಾರ್ಡ್ ನೋಡಿಕೊಳ್ಳುವವರು, ನಾವು. ಹೆಸರಲ್ಲಿ ಅಲೈಡ್ ಬೇರೆ, ಹೆಲ್ತ್‌ಕೇರ್ ಬೇರೆ ಯಾಕೆ ಇಟ್ಟರು ಅಂದರೆ ಓದಿನ ಗಂಟೆ ಲೆಕ್ಕ. 2,000 ಗಂಟೆಗೆ ಕಮ್ಮಿಯಿಲ್ಲದ ಡಿಪ್ಲೊಮಾ ಅಥವಾ ಡಿಗ್ರಿ ಆದರೆ ಅಲೈಡ್, 3,600 ಗಂಟೆಗೆ ಕಮ್ಮಿಯಿಲ್ಲದ ಡಿಗ್ರಿ ಆದರೆ ಹೆಲ್ತ್‌ಕೇರ್. ಈ ಲೆಕ್ಕದ ಮೇಲೆ ಹಾಸ್ಟೆಲಿನಲ್ಲಿ ಜಗಳ ಆಗುತ್ತೆ ಅಂತ ಕೇಳಿದ್ದೇನೆ. ಆಗಲಿ.

ನೀವು ಓದಬೇಕಾದ್ದು ಷೆಡ್ಯೂಲಿನಲ್ಲಿ ನಿಮ್ಮ ವೃತ್ತಿಗೆ ಬರೆದಿರುವ ನಾಲ್ಕು ಸಾಲು. ಫಿಸಿಯೋಥೆರಪಿಯ ಎದುರು ಏನಿದೆ ಗೊತ್ತಾ? ಪೂರ್ಣ ಪರೀಕ್ಷೆ ಮಾಡಬೇಕು, ತಕ್ಕ ತಪಾಸಣೆ ಮಾಡಿಸಬೇಕು, ಚಲನೆಗೆ ಸಂಬಂಧಪಟ್ಟ ತೊಂದರೆಗೆ, ನೋವಿಗೆ ವ್ಯಾಯಾಮ, ಕೈಚಿಕಿತ್ಸೆ, ಶಾಖ, ವಿದ್ಯುತ್ತಿನಂಥ ಭೌತಿಕ ವಿಧಾನಗಳಿಂದ ಚಿಕಿತ್ಸೆ ಕೊಡಬೇಕು. ಆಮೇಲೆ ಒಂದು ಮಾತು: ಸ್ವತಂತ್ರವಾಗಿಯೂ ಮಾಡಬಹುದು, ಬೇರೆ ತಜ್ಞರ ತಂಡದಲ್ಲೂ ಮಾಡಬಹುದು. ಈ "ಸ್ವತಂತ್ರವಾಗಿ" ಅನ್ನೋ ಪದ ಬಂದ ದಿನ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಪಟಾಕಿಯೇ ಪಟಾಕಿ. ನಾನೂ ಒಂದು ಲಡ್ಡು ಇಮೋಜಿ ಹಾಕಿದೆ. ರಾತ್ರಿ ಮಲಗಿದಾಗ ಆ ಅಡಿಕೆಯವರು ನೆನಪಾದರು. ಇನ್ನು ಮೇಲೆ ಅಂಥವರು ಚೀಟಿಯಿಲ್ಲದೆ ನೇರ ನನ್ನ ಹತ್ತಿರ ಬರುತ್ತಾರೆ. ಪರೀಕ್ಷೆ ಮಾಡು ಅಂತ ಕಾನೂನೇ ಹೇಳಿದೆ. ಮಾಡದಿದ್ದರೆ ಯಾರ ಹೆಸರು ಹೇಳಲಿ?

ಕಾನೂನು ಕಾಗದದಿಂದ ಕೆಳಗಿಳಿಯೋಕೆ ತಡವಾಯಿತು. ಎಷ್ಟು ತಡ ಅಂದರೆ 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಕೇಂದ್ರಕ್ಕೂ ರಾಜ್ಯಗಳಿಗೂ ಅಕ್ಟೋಬರ್ 12ರ ಗಡುವು ಹಾಕಿ, ಆ ಕಾನೂನು ಹೇಳಿದ ಕೌನ್ಸಿಲ್‌ಗಳನ್ನು ಮಾಡಿ ಅಂತ ಹೇಳಬೇಕಾಯಿತು. ಅಷ್ಟರಲ್ಲಿ ನಾವೇನು ಮಾಡುತ್ತಿದ್ದೆವು? "ಡಾ." ಗಾಗಿ ಕಿತ್ತಾಡುತ್ತಿದ್ದೆವು.

ಆ ಕಥೆಯೂ ಚೆನ್ನಾಗಿದೆ. 2025ರ ಏಪ್ರಿಲ್‌ನಲ್ಲಿ ಬಂದ ಹೊಸ ಫಿಸಿಯೋ ಪಠ್ಯಕ್ರಮದಲ್ಲಿ ಹೆಸರಿನ ಮುಂದೆ ಡಾ., ಹಿಂದೆ ಪಿಟಿ ಅಂತ ಬರೆದುಕೊಳ್ಳಬಹುದು ಅಂತಿತ್ತು. ಸೆಪ್ಟೆಂಬರ್ 9ಕ್ಕೆ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯದಿಂದ ವೈದ್ಯರ ಸಂಘಕ್ಕೆ ಪತ್ರ ಹೋಯಿತು, ಹಾಗೆ ಬರೆಯುವುದು 1916ರ ಕಾನೂನಿಗೆ ವಿರುದ್ಧ, ಪೇಷಂಟುಗಳು ಮೋಸಹೋಗುತ್ತಾರೆ ಅಂತ. ನೂರ ಒಂಬತ್ತು ವರ್ಷದ ಹಳೇ ಕಾನೂನು ಹೇಗೆ ಎದ್ದು ಬಂತು ನೋಡಿ. ಮಾರನೇ ದಿನ, 10ನೇ ತಾರೀಕು, ಅದೇ ಕಚೇರಿಯಿಂದ ಇನ್ನೊಂದು ಪತ್ರ, ಹಿಂದಿನದನ್ನು ವಾಪಸ್ ತಗೊಂಡಿದ್ದೇವೆ, ಇನ್ನೂ ಪರಿಶೀಲನೆ ಬೇಕು ಅಂತ. ಒಂದೇ ದಿನದಲ್ಲಿ ನಾವು ಡಾಕ್ಟರಾಗಿ, ಇಳಿದು, ಮತ್ತೆ ನಡುವೆ ನೇತಾಡಿದೆವು.

ನನ್ನ ಅಭಿಪ್ರಾಯ ಕೇಳಿದರೆ, ಎರಡೂ ಕಡೆಯವರು ಪೇಷಂಟಿನ ಹೆಸರು ಹೇಳಿ ತಮ್ಮ ಮಾನದ ಬಗ್ಗೆ ಮಾತಾಡಿದರು. ನಮ್ಮೂರಿನ ಪೇಷಂಟಿಗೆ ಬಿಳಿ ಕೋಟು ಹಾಕಿದವರೆಲ್ಲ ಡಾಕ್ಟರೇ, ಕಾಂಪೌಂಡರೂ ಡಾಕ್ಟರೇ. ಬೋರ್ಡಿನಲ್ಲಿ ಏನಿದೆ ಅಂತ ಅವರು ಓದೋದೇ ಇಲ್ಲ. ಅವರು ಕೇಳುವುದು ಇಷ್ಟು: "ಮೇಡಂ, ಹೇಗೂ ಬಂದಿದೀನಿ, ಒಂದು ನೋವಿನ ಮಾತ್ರೆ ಬರೆದುಕೊಟ್ಟುಬಿಡಿ." ನಿಮ್ಮ ಕೈ ನಿಲ್ಲಬೇಕಾದ್ದು ಅಲ್ಲಿ. ಡೈಕ್ಲೋಫೆನಾಕ್ ಷೆಡ್ಯೂಲ್ ಎಚ್ ಔಷಧಿ, ಆರ್‌ಎಂಪಿ ಬರೆದರೆ ಮಾತ್ರ ಕೊಡಬೇಕು. ನಾನು ಹೇಳಿದ್ದು ಕಾನೂನಿನ ಆರ್‌ಎಂಪಿ! ಮೆಡಿಕಲ್ ಶಾಪಿನವನು ಸುಮ್ನೆ ಕೊಡುತ್ತಾನೆ, ನನಗೂ ಗೊತ್ತು. ಅದು ಅವನ ಲೆಕ್ಕ.

ಗೆರೆ ದಾಟಿದರೆ ಏನಾಗುತ್ತೆ ಅನ್ನೋದಕ್ಕೆ 1996ರ ಒಂದು ತೀರ್ಪು ಇದೆ. ಮುಂಬೈಯಲ್ಲಿ ಹೋಮಿಯೋಪಥಿ ಡಿಪ್ಲೊಮಾ ಮಾಡಿದ ಒಬ್ಬರು ಜ್ವರ ಬಂದವರಿಗೆ ಅಲೋಪಥಿ ಔಷಧಿ ಕೊಟ್ಟರು. ಮೊದಲು ವೈರಲ್ ಜ್ವರ ಅಂತ, ಆಮೇಲೆ ಟೈಫಾಯಿಡ್ ಅಂತ. ರಕ್ತ ಪರೀಕ್ಷೆ ಮಾಡಿಸಲಿಲ್ಲ. ಪೇಷಂಟ್ ತೀರಿಕೊಂಡರು. ಸುಪ್ರೀಂ ಕೋರ್ಟ್ 3 ಲಕ್ಷ ಪರಿಹಾರ ಕೊಡಿ ಅಂತು. ನಮಗೆ ಮುಖ್ಯವಾದ್ದು ಅದು ಕೊಟ್ಟ ಕಾರಣ. ತನಗೆ ಅಧಿಕಾರ ಇಲ್ಲದ ಪದ್ಧತಿಯಲ್ಲಿ ಔಷಧಿ ಕೊಟ್ಟದ್ದೇ ನಿರ್ಲಕ್ಷ್ಯ, ಬೇರೆ ಸಾಕ್ಷಿ ಬೇಕಿಲ್ಲ ಅಂತ. ಅಂದರೆ ಗೆರೆಯೊಳಗೆ ನೀವು ತಪ್ಪು ಮಾಡಿದರೆ, ತಪ್ಪಾಗಿದೆ ಅಂತ ಎದುರಿನವರು ತೋರಿಸಿಕೊಡಬೇಕು. ಗೆರೆ ದಾಟಿ ಮಾಡಿದರೆ ದಾಟಿದ್ದೇ ತಪ್ಪು. ಔಷಧಿ ಸರಿಯಿತ್ತು, ಡೋಸ್ ಸರಿಯಿತ್ತು ಅಂತ ವಾದಿಸೋಕೆ ಜಾಗವೇ ಇರುವುದಿಲ್ಲ.

ನಿಮ್ಮಲ್ಲಿ ಕೆಲವರು ಹೊರದೇಶಕ್ಕೆ ಹೋಗೋ ಯೋಚನೆಯಲ್ಲಿದ್ದೀರಿ. ಇಂಗ್ಲೆಂಡಿನಲ್ಲಿ ಫಿಸಿಯೋಥೆರಪಿಸ್ಟ್ ಅನ್ನೋ ಹೆಸರಿಗೇ ಕಾನೂನಿನ ಬೇಲಿ ಇದೆ, ಅಲ್ಲಿನ ಆರೋಗ್ಯ ವೃತ್ತಿಯವರ ಕೌನ್ಸಿಲ್ ಆದ ಎಚ್‌ಸಿಪಿಸಿ ಪಟ್ಟಿಯಲ್ಲಿ ಇಲ್ಲದವರು ಆ ಹೆಸರು ಹಾಕಿಕೊಳ್ಳೋ ಹಾಗಿಲ್ಲ. 2013ರಿಂದ ಅಲ್ಲಿನ ಫಿಸಿಯೋಗಳು ಔಷಧಿಯನ್ನೂ ಬರೆಯಬಹುದು, ಆದರೆ ಎಲ್ಲರೂ ಅಲ್ಲ. ಅದಕ್ಕೆ ಬೇರೆ ಕೋರ್ಸ್ ಮಾಡಿ, ಪಟ್ಟಿಯಲ್ಲಿ ಹೆಸರಿನ ಪಕ್ಕ ಗುರುತು ಬಿದ್ದಿರಬೇಕು.

ನನಗೆ ಇಷ್ಟವಾದದ್ದು ಕೆನಡಾದ ಒಂಟಾರಿಯೋದವರ 1991ರ ಕಾನೂನು. ಅವರು ಹೆಸರಿಗೆ ಬೇಲಿ ಹಾಕಿದ್ದಲ್ಲದೆ ಕೆಲಸಕ್ಕೂ ಹಾಕಿದರು. ಅಪಾಯ ಇರುವ ಕೆಲಸಗಳದ್ದೇ ಒಂದು ಪಟ್ಟಿ, ಈಗ ಅದರಲ್ಲಿ 14 ಇವೆ. ಚರ್ಮದ ಕೆಳಗೆ ಹೋಗುವ ಯಾವುದೇ ಕ್ರಿಯೆ, ಔಷಧಿ ಬರೆಯುವುದು, ಬೆನ್ನುಮೂಳೆಯ ಕೀಲನ್ನು ಅದರ ಮಿತಿ ದಾಟಿಸಿ ಸರಕ್ಕನೆ ತಳ್ಳುವುದು, ಹೀಗೆ. ಈ ಒಂದೊಂದು ಕೆಲಸವನ್ನೂ ಯಾವ ಯಾವ ವೃತ್ತಿಯವರು ಮಾಡಬಹುದು ಅಂತ ಹಂಚಿದ್ದಾರೆ. ನಿನ್ನ ರೋಗ ಇಂಥದ್ದು ಅಂತ ಪೇಷಂಟಿಗೆ ಹೇಳುವುದೂ ಆ ಪಟ್ಟಿಯಲ್ಲಿದೆ! ಮಾತೂ ಒಂದು ಕೈಕೆಲಸ ಅಂತ ಅವರಿಗೆ ಹೊಳೆದಿದೆ. ಇತ್ತ ಬೆಂಗಳೂರಿನ ಯಾವ ದೊಡ್ಡ ರಸ್ತೆಗೆ ಹೋದರೂ "ಪುತ್ತೂರು ಕಟ್ಟು" ಅಂತ ಬೋರ್ಡ್ ಕಾಣುತ್ತೆ. ಆಂಧ್ರದ ಪುತ್ತೂರಿನ ಮೂಳೆ ಕಟ್ಟುವ ಪದ್ಧತಿ, ತಲೆಮಾರುಗಳ ಕಸುಬು, ಅದರಲ್ಲಿ ಪಳಗಿದವರು ಇದ್ದಾರೆ, ಸುಮ್ನೆ ಹಗುರವಾಗಿ ಮಾತಾಡಲಾರೆ. ಆದರೆ ಎಕ್ಸ್‌ರೇ ನೋಡದೆ ಬಿಗಿಯಾಗಿ ಕಟ್ಟಿ, ಬೆರಳು ಕಪ್ಪಾದ ಮೇಲೆ ಬಂದ ಮಗುವಿನ ಕೈಯನ್ನೂ ನಾನು ನೋಡಿದ್ದೇನೆ.

ಲ್ಯಾಬಿನವರು ಸುಮ್ಮನೆ ಕೂತಿದ್ದೀರಿ, ನಿಮ್ಮ ಗೆರೆಯೂ ಕೋರ್ಟಿಗೆ ಹೋಗಿ ಬಂದಿದೆ. ಗುಜರಾತಿನಿಂದ ಹೋದ ಕೇಸಿನಲ್ಲಿ 2017ರ ಡಿಸೆಂಬರ್ 12ಕ್ಕೆ ಸುಪ್ರೀಂ ಕೋರ್ಟ್, ಲ್ಯಾಬ್ ರಿಪೋರ್ಟಿಗೆ ಪೆಥಾಲಜಿಯಲ್ಲಿ ಸ್ನಾತಕೋತ್ತರ ಓದಿದ ನೋಂದಾಯಿತ ವೈದ್ಯರೇ ಸಹಿ ಹಾಕಬೇಕು ಅಂತು. ಆಮೇಲೆ ಕೇಂದ್ರ ಸರಕಾರ 2020ರಲ್ಲಿ ತನ್ನ ನಿಯಮ ತಿದ್ದಿ, ಸಣ್ಣ ಲ್ಯಾಬುಗಳಲ್ಲಿ ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ ಓದಿದವರೂ ಸಹಿ ಹಾಕಬಹುದು, ಆದರೆ ರೋಗದ ಬಗ್ಗೆ ಅಭಿಪ್ರಾಯ ಬರೆಯಬಾರದು ಅಂತ ಸ್ವಲ್ಪ ಸಡಿಲಿಸಿತು. ಒಂದು ಸಹಿಯಲ್ಲಿ ಎರಡು ಕೆಲಸ ಇದೆ ಅಂತ ಆಗ ಬೇರೆ ಮಾಡಿ ನೋಡಿದರು: ಸಂಖ್ಯೆ ಸರಿಯಿದೆ ಅನ್ನುವುದು ಒಂದು, ಅದರ ಅರ್ಥ ಇದು ಅನ್ನುವುದು ಇನ್ನೊಂದು.

ಇನ್ನು ಪ್ರಶ್ನೆ ಕೇಳಿ. ಊಟದ ವಾಸನೆ ಬರ್ತಿದೆ, ಬೇಗ.

ಹಸಿರು ಚೂಡಿದಾರದ ಹುಡುಗಿ ಕೇಳಿದ್ದು, "ನಿಮ್ಮ ಬೋರ್ಡಿನಲ್ಲಿ ಡಾ. ಇದೆಯಾ ಮೇಡಂ?" ಇಲ್ಲಮ್ಮ. ಹೆಸರು, ಅದರ ಕೆಳಗೆ ಫಿಸಿಯೋಥೆರಪಿಸ್ಟ್, ಕೆಪಿಎಂಇ ನಂಬರ್. ನಾಳೆ ಹಾಕಿಕೊಳ್ಳಿ ಅಂತ ಗಟ್ಟಿಯಾದ ಆದೇಶ ಬಂದರೂ ಪೇಂಟರಿಗೆ ಕೊಡೋ ದುಡ್ಡು ಉಳಿಸಿಕೊಳ್ಳೋಣ ಅಂತಿದ್ದೇನೆ. ಆದರೆ ಹಾಕಿಕೊಂಡವರ ಮೇಲೆ ನನಗೆ ಸಿಟ್ಟಿಲ್ಲ. ಹಾಕಿಕೊಂಡರೆ ಪಕ್ಕದಲ್ಲಿ ಫಿಸಿಯೋಥೆರಪಿಸ್ಟ್ ಅನ್ನೋದು ಅಷ್ಟೇ ದಪ್ಪ ಅಕ್ಷರದಲ್ಲಿರಲಿ.

ಇನ್ನೊಬ್ಬ ಹುಡುಗ, "ಮೂರು ದಿನದ ಡ್ರೈ ನೀಡ್ಲಿಂಗ್ ಕೋರ್ಸ್ ಮಾಡಿ ಸರ್ಟಿಫಿಕೇಟ್ ತಗೊಂಡಿದೀನಿ, ಮಾಡಬಹುದಾ?" ಅಂದ. ಔಷಧಿಯಿಲ್ಲದ ಸಣ್ಣ ಸೂಜಿಯನ್ನು ಸ್ನಾಯುವಿಗೆ ಚುಚ್ಚುವ ಚಿಕಿತ್ಸೆ ಅದು. ನೋಡಪ್ಪಾ, ಭುಜದ ಹತ್ತಿರ ಸೂಜಿ ಹಾಕುವಾಗ ಅದರ ತುದಿಯಿಂದ ಶ್ವಾಸಕೋಶದ ಪೊರೆ ಎಷ್ಟು ದೂರ ಅಂತ ನನಗೆ ಈಗಲೇ ಹೇಳು. ಯೋಚನೆ ಮಾಡ್ತಿದೀಯಲ್ಲ, ಹಾಗಾದರೆ ಸದ್ಯಕ್ಕೆ ಬೇಡ. ಕೌನ್ಸಿಲ್ ಒಪ್ಪಿದ ಪಠ್ಯದಲ್ಲಿ ಅದು ಎಷ್ಟರ ಮಟ್ಟಿಗೆ ಇದೆ ನೋಡು, ಪಳಗಿದವರ ಪಕ್ಕ ನಿಂತು ಕಲಿ. ಸರ್ಟಿಫಿಕೇಟ್ ಕೊಟ್ಟವರು ಕೋರ್ಟಿಗೆ ನಿನ್ನ ಜೊತೆ ಬರೋದಿಲ್ಲ.

"ಡಾಕ್ಟರಿಗೆ ವಾಪಸ್ ಕಳಿಸಿದರೆ ಪೇಷಂಟ್ ಕೈತಪ್ಪಿ ಹೋಗಲ್ವಾ?" ಹೋಗಬಹುದು. ಕೆಲವರು ಹೋಗಿದ್ದಾರೆ. ಈಗ ನನ್ನ ಮೇಜಿನ ಮೇಲೂ ಒಂದು ಪ್ಯಾಡ್ ಇದೆ, ಚೀಟಿ ಬರೆಯುವವಳು ನಾನೇ. ಏನು ನೋಡಿದೆ, ಯಾವ ದಿನದಿಂದ, ಯಾವುದರ ಅನುಮಾನ, ಯಾಕೆ ಅರ್ಜೆಂಟು. ನಾಲ್ಕು ಸಾಲು, ಕೆಳಗೆ ಫೋನ್ ನಂಬರ್. ಮೊದಮೊದಲು ಒಬ್ಬ ಡಾಕ್ಟರು ಫೋನ್ ಮಾಡಿ "ಎಂಆರ್‌ಐ ಬೇಕು ಅಂತ ಹೇಳೋಕೆ ನೀವ್ಯಾರು?" ಅಂತ ರೇಗಿದರು. ಈಚೆಗೆ ಅವರೇ ಫೋನ್ ಮಾಡುತ್ತಾರೆ, ನೀವು ಕಳಿಸಿದವರದ್ದು ಹೀಗೆ ಹೀಗೆ ಆಯಿತು ಅಂತ ಹೇಳೋಕೆ.

ಕೊನೆಯ ಪ್ರಶ್ನೆ ಲ್ಯಾಬಿನ ಹುಡುಗಿಯದ್ದು. "ರಿಪೋರ್ಟ್ ಕೈಗೆ ಕೊಟ್ಟ ತಕ್ಷಣ ಪೇಷಂಟ್ ಇದೇನು ಜಾಸ್ತಿ ಬಂದಿದೆ, ನನಗೇನಾಗಿದೆ ಅಂತ ಕೇಳ್ತಾರೆ. ಏನು ಹೇಳಲಿ ಮೇಡಂ?"

ಸಂಖ್ಯೆ ಓದಿ ಹೇಳಮ್ಮ. ಪಕ್ಕದಲ್ಲಿ ಅಚ್ಚಾಗಿರುವ ಮಾಮೂಲಿ ಮಿತಿ ತೋರಿಸು. ಇದರ ಅರ್ಥ ಡಾಕ್ಟರು ಹೇಳಬೇಕು, ಇವತ್ತೇ ಹೋಗಿ ಅನ್ನು. ಕ್ಯಾನ್ಸರ್ ಇರಬಹುದು, ಕಿಡ್ನಿ ಹೋಗಿದೆ ಅಂತೆಲ್ಲ ಬಾಯಿಬಿಡಬೇಡ, ಏನೂ ಇಲ್ಲ ಬಿಡಿ ಅಂತಲೂ ಅನ್ನಬೇಡ, ಅದೂ ಅಭಿಪ್ರಾಯವೇ. ಆದರೆ ಮಷೀನಿನಲ್ಲಿ ಪೊಟ್ಯಾಷಿಯಂ 6.8 ಅಂತ, ಅಂದರೆ ಹೃದಯಕ್ಕೇ ಅಪಾಯ ಆಗುವಷ್ಟು, ಬಂದರೆ, ಸ್ಯಾಂಪಲ್ ಕೆಟ್ಟಿಲ್ಲ ಅಂತ ಖಚಿತ ಮಾಡಿಕೊಂಡು, ಪೇಷಂಟ್ ರಿಪೋರ್ಟಿಗೆ ಬರುವವರೆಗೆ ಕಾಯಬೇಡ. ಆ ಡಾಕ್ಟರಿಗೆ ಫೋನ್ ಮಾಡು. ಎತ್ತದಿದ್ದರೆ ಮತ್ತೆ ಮಾಡು. ಮಾಡಿದ ಹೊತ್ತನ್ನು ರಿಜಿಸ್ಟರಿನಲ್ಲಿ ಬರೆದಿಡು.